ಕೈಯ ಭಾರವನ್ನು ಹೊರುವುದು ಬೆನ್ನು

ಬೆನ್ನುನೋವನ್ನು ಕಾಣದ ಮನೆ ಈಗ ಅಪರೂಪ. ಆದರೆ ಬೆನ್ನು ಹಿಡಿದುಕೊಂಡವರನ್ನು ವಿಚಾರಿಸಿದರೆ ಬರುವ ಉತ್ತರವನ್ನು ವಾಚಕರು ಗಮನಿಸಿರಬಹುದು. “ದೊಡ್ಡ ಮೂಟೆ ಹೊತ್ತೆ, ಅದಕ್ಕೇ ಹೀಗಾಯಿತು” ಎನ್ನುವವರು ಕೆಲವರು. “ಭಾರವೇನೂ ಇರಲಿಲ್ಲ ಮಾರಾಯರೇ, ಫಕ್ಕನೆ ಕೈಗೆ ಬಂತು, ಅಷ್ಟೇ” ಎನ್ನುವವರೂ ಬಹಳ ಮಂದಿ. ಮಗು ಹೇಳದೆ ಕೇಳದೆ ತೋಳಿಗೆ ಹಾರಿತು. ಆ ತುದಿ ಹಿಡಿದವರು ಕಪಾಟನ್ನು ಮೊದಲೇ ಬಿಟ್ಟುಬಿಟ್ಟರು. ಜಾರಿದ ಚೀಲವನ್ನು ಹಿಡಿಯಹೋದೆ. ಕತೆಗಳು ಹೀಗೆಯೇ ಇರುತ್ತವೆ.

ನವಿ ಮುಂಬಯಿಯ ವಾಶಿ ಮಾರುಕಟ್ಟೆಯಲ್ಲಿ ಮಾಥಾಡಿ ಕಾರ್ಮಿಕರು ಐವತ್ತು ಕಿಲೋ ಮೂಟೆಯನ್ನು ಬೆನ್ನಿಗೇರಿಸಿಕೊಂಡು ಹಲಗೆಯ ಮೇಲೆ ನಡೆದುಹೋಗುತ್ತಾರೆ. ಇತ್ತ ಸರಕಾರಿ ಕಚೇರಿಯೊಂದರಲ್ಲಿ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಕಪಾಟಿನ ಮೇಲಿಂದ ಎರಡು ಮೂರು ಕಿಲೋದ ಕಡತದ ಕಟ್ಟನ್ನು ಎಳೆದರು. ಸಿಕ್ಕಿಕೊಂಡಿದ್ದ ಕಟ್ಟು ಒಮ್ಮೆಲೇ ಬಿಟ್ಟು ಕೈಗೆ ಬಂತು. ಅವರು ಮೂರು ವಾರ ರಜೆ ಹಾಕಬೇಕಾಯಿತು. ಹೊರೆ ಹೊರುವವರ ಬೆನ್ನಿಗೆ ಸವೆತವಿಲ್ಲವೆಂದು ನಾನು ಹೇಳುತ್ತಿಲ್ಲ. ಅದು ಬೇರೆಯೇ ದುಃಖದ ಕತೆ. ಆದರೆ ಒಂದೇ ಕ್ಷಣದಲ್ಲಿ ಬೆನ್ನು ಕೆಡುವುದಕ್ಕೆ ತೂಕವೊಂದೇ ಕಾರಣವಲ್ಲವೆಂಬುದು ಇದರಿಂದ ಸ್ಪಷ್ಟ. ಹಾಗಾದರೆ ಇನ್ನೇನು?

ನಾನು ವೈದ್ಯನಲ್ಲ, ಬಿ.ಎ. ಓದಿದ ಗುಮಾಸ್ತ. ಈ ಪ್ರಶ್ನೆ ಮನಸ್ಸಿಗೆ ಹತ್ತಿದ ಮೇಲೆ ಬಲ್ಲವರು ಬರೆದುದನ್ನು ಓದಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ನಮ್ಮ ಕುಟುಂಬಗಳ ಉಪಯೋಗಕ್ಕಾಗಿ ಇಲ್ಲಿ ಇಡುತ್ತಿದ್ದೇನೆ.

ಮನೆಯಲ್ಲೇ ಎರಡು ಪರೀಕ್ಷೆ

ನೆಟ್ಟಗೆ ನಿಂತು ಎಡಗೈ ಬೆರಳುಗಳನ್ನು ಸೊಂಟದ ಹಿಂದೆ, ಬೆನ್ನೆಲುಬಿನ ಪಕ್ಕದ ಮಾಂಸಖಂಡದ ಮೇಲೆ ಒತ್ತಿ ಹಿಡಿಯಿರಿ. ಈಗ ಬಲಗೈಯನ್ನು ಮುಂದಕ್ಕೆ ರಪ್ಪನೆ ಎತ್ತಿರಿ. ಬೆರಳಿನ ಕೆಳಗೆ ಬೆನ್ನು ಗಟ್ಟಿಯಾದುದು ತಿಳಿಯುತ್ತದೆ. ಎತ್ತಿದ್ದು ಕೈ, ಬಿಗಿದದ್ದು ಬೆನ್ನು! ೧೯೬೭ರಲ್ಲಿ ಸೋವಿಯತ್ ರಷ್ಯದ ಬೆಲೆಂಕಿ, ಗುರ್ಫಿಂಕೆಲ್ ಮತ್ತು ಪಾಲ್ತ್ಸೆವ್ ಎಂಬ ವಿಜ್ಞಾನಿಗಳು ಮಾಂಸಖಂಡಗಳ ವಿದ್ಯುತ್ ಸಂಜ್ಞೆಗಳನ್ನು ಯಂತ್ರದಲ್ಲಿ ಬರೆಸಿಕೊಂಡು ಇದನ್ನು ಪರಿಶೀಲಿಸಿದರು. ಆಗ ಕಂಡದ್ದು ವಿಸ್ಮಯಕರವಾಗಿತ್ತು. ಕೈಯನ್ನು ಎತ್ತುವ ಮಾಂಸಖಂಡ ಕೆಲಸ ಪ್ರಾರಂಭಿಸುವುದಕ್ಕೆ ಮೊದಲೇ ಕಾಲಿನ ಮತ್ತು ಮುಂಡದ ಮಾಂಸಖಂಡಗಳು ಎಚ್ಚೆತ್ತಿದ್ದವು. ಕೈ ಮುಂದೆ ಹೋದರೆ ದೇಹದ ತೂಕವೂ ಮುಂದಕ್ಕೆ ವಾಲುತ್ತದೆ. ಆ ವಾಲಿಕೆಯನ್ನು ತಡೆಯುವ ಏರ್ಪಾಡನ್ನು ಮಿದುಳು ಮುಂಗಡವಾಗಿಯೇ ಮಾಡಿಬಿಟ್ಟಿರುತ್ತದೆ. ಮದುವೆಮನೆಯಲ್ಲಿ ಅತಿಥಿಗಳು ಬರುವ ಮೊದಲೇ ಚಾಪೆ ಹಾಸಿಡುವ ಹಾಗೆ.

ಎರಡನೆಯ ಪರೀಕ್ಷೆಗೆ ಇಬ್ಬರು ಬೇಕು. ಮೊಳಕೈ ಮಡಚಿ ಅಂಗೈಯ ಮೇಲೆ ದಪ್ಪನೆಯ ಪುಸ್ತಕವೊಂದನ್ನು ಇಟ್ಟುಕೊಳ್ಳಿ. ನಿಮ್ಮದೇ ಇನ್ನೊಂದು ಕೈಯಿಂದ ಅದನ್ನು ತೆಗೆಯಿರಿ. ಅಂಗೈ ಇದ್ದಲ್ಲೇ ಇರುತ್ತದೆ. ಮತ್ತೆ ಪುಸ್ತಕವಿಟ್ಟುಕೊಂಡು, ಈ ಸಲ ಮಗನಿಗೋ ಮಗಳಿಗೋ ತಟ್ಟನೆ ಎತ್ತಲು ಹೇಳಿ. ನೀವು ನೋಡುತ್ತಿದ್ದರೂ ಅಂಗೈ ಮೇಲಕ್ಕೆ ನೆಗೆಯುತ್ತದೆ. ೧೯೮೨ರಲ್ಲಿ ಮಾಸಿಯೋನ್ ಮತ್ತು ಅವರ ಸಂಗಡಿಗರು ಇದನ್ನು ಕ್ರಮವಾಗಿ ಅಳೆದು ಪ್ರಕಟಿಸಿದರು. ತನ್ನದೇ ಕೈ ಭಾರವನ್ನು ತೆಗೆಯುವಾಗ ಅದು ಯಾವ ಕ್ಷಣದಲ್ಲಿ ಹೋಗುವುದೆಂದು ಮಿದುಳಿಗೆ ಗೊತ್ತು. ಅದೇ ಕ್ಷಣಕ್ಕೆ ಹೊತ್ತ ಕೈಯನ್ನು ಸಡಿಲಿಸುತ್ತದೆ. ಪರರ ಕೈ ತೆಗೆಯುವಾಗ ಆ ಕ್ಷಣ ಗೊತ್ತಿಲ್ಲ.

ಈ ಮಾತು ಉಡುಪಿ ಹೋಟೆಲುಗಳಲ್ಲಿ ದುಡಿದವರಿಗೆ ಹೊಸತಲ್ಲ. ಮುಂಬಯಿಯಲ್ಲಿ ನಮ್ಮವರ ಬದುಕನ್ನು ಕಟ್ಟಿದ್ದು ಬಹುಮಟ್ಟಿಗೆ ಈ ಹೋಟೆಲುಗಳೇ. ಮಾಟುಂಗಾದಲ್ಲಿ ಎ. ರಾಮ ನಾಯಕರು ೧೯೪೨ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಹೆಸರುವಾಸಿ. ಎಡ ಮುಂಗೈಯ ಉದ್ದಕ್ಕೂ ದೋಸೆಯ ತಟ್ಟೆಗಳನ್ನು ಸಾಲಾಗಿ ಇಟ್ಟುಕೊಂಡು ಬರುವ ಸಪ್ಲಾಯರನಿಗೆ ಸಹಾಯವಾಗಲೆಂದು ಗಿರಾಕಿಯೊಬ್ಬರು ಕೈಚಾಚಿ ತಟ್ಟೆಯೊಂದನ್ನು ಎತ್ತಿಕೊಳ್ಳಹೋದರೆ, “ಬೇಡ ಸಾರ್, ನಾನೇ ಇಡುತ್ತೇನೆ” ಎನ್ನುತ್ತಾನೆ. ಅದು ಬರಿಯ ವಿನಯವಲ್ಲ. ತಾನು ತೆಗೆದರೆ ಕೈ ಅಲುಗದು, ಪರರು ತೆಗೆದರೆ ಉಳಿದ ತಟ್ಟೆಗಳೆಲ್ಲ ಜಾರುತ್ತವೆ. ಪ್ರಯೋಗಶಾಲೆಯಲ್ಲಿ ಅಳೆದದ್ದನ್ನು ಅವನು ಮೇಜುಗಳ ನಡುವೆ ಓಡಾಡಿ ಕಲಿತಿದ್ದಾನೆ.

ತಕ್ಕಡಿಯ ಲೆಕ್ಕ

ಕೈಯಲ್ಲಿ ಹಿಡಿದದ್ದರ ಭಾರ ಬೆನ್ನಿಗೇಕೆ ಹೋಗಬೇಕು? ಇದಕ್ಕೆ ಸಂತೆಯ ತಕ್ಕಡಿಯ ಲೆಕ್ಕ ಸಾಕು. ಬೆನ್ನೆಲುಬಿನ ಕೆಳತುದಿಯನ್ನು ಆಧಾರದ ಗೂಟವೆಂದು ಭಾವಿಸಿ. ಮುಂದೆ, ಕೈಯಲ್ಲಿ ಚೀಲ. ಹಿಂದೆ, ಅದನ್ನು ಸರಿತೂಗಿಸಲು ಎಳೆಯುವ ಬೆನ್ನಿನ ಮಾಂಸಖಂಡ. ಚೀಲವು ಗೂಟದಿಂದ ೫೦ ಸೆಂಟಿಮೀಟರ್ ದೂರವಿದ್ದರೆ ಮಾಂಸಖಂಡವಾದರೋ ಕೇವಲ ೫ ಸೆಂಟಿಮೀಟರ್ ಹಿಂದೆ ಇದೆ. ಆದುದರಿಂದ ೫ ಕಿಲೋದ ಚೀಲವನ್ನು ಸರಿತೂಗಿಸಲು ಬೆನ್ನು ಹೆಚ್ಚುಕಡಮೆ ೫೦ ಕಿಲೋದಷ್ಟು ಎಳೆಯಬೇಕು. ನಮ್ಮ ತೋಳಿನ ತೂಕ, ಬಾಗಿದ ಮೈಯ ತೂಕಗಳ ಲೆಕ್ಕ ಬೇರೆ. ಅದೇ ಚೀಲವನ್ನು ಹೊಟ್ಟೆಗೆ ಆನಿಸಿ ೨೫ ಸೆಂಟಿಮೀಟರಿನಲ್ಲಿ ಹಿಡಿದರೆ ಎಳೆತ ಅರ್ಧಕ್ಕೆ ಇಳಿಯುತ್ತದೆ. ಮಾಥಾಡಿ ಕಾರ್ಮಿಕನು ಮೂಟೆಯನ್ನು ಬೆನ್ನಿಗೆ ಅಂಟಿಸಿಕೊಳ್ಳುವುದೂ, ನಮ್ಮೂರ ಹೆಂಗಸರು ಕೊಡವನ್ನು ಸೊಂಟಕ್ಕೋ ತಲೆಗೋ ಏರಿಸುವುದೂ ಈ ಲೆಕ್ಕದ ಪ್ರಕಾರವೇ.

ಇದು ನಿಧಾನವಾಗಿ ಹಿಡಿದ ಭಾರದ ಮಾತು. ಒಮ್ಮೆಲೇ ಬಂದ ಭಾರದ್ದು ಇನ್ನೊಂದು ಬಗೆ. ಸೇತುವೆ ಕಟ್ಟುವ ಎಂಜಿನಿಯರುಗಳು ಓದುವ ಮೊದಲ ಪಾಠಗಳಲ್ಲಿ ಇದೂ ಒಂದು: ಬಳುಕುವ ತೊಲೆಯ ಮೇಲೆ ಭಾರವನ್ನು ಮೆಲ್ಲನೆ ಇಳಿಸದೆ ಥಟ್ಟನೆ ಬಿಟ್ಟರೆ ಆ ಕ್ಷಣಕ್ಕೆ ತೊಲೆ ಎರಡು ಪಾಲು ಬಳುಕುತ್ತದೆ, ಎತ್ತರದಿಂದ ಬೀಳಿಸಿದರೆ ಅದಕ್ಕೂ ಹೆಚ್ಚು. ನಮ್ಮ ಬೆನ್ನೂ ಬಳುಕುವ ವಸ್ತುವೇ ತಾನೇ?

ಸುದ್ದಿ ತಿಳಿದ ಬೆನ್ನು, ತಿಳಿಯದ ಬೆನ್ನು

ಭಾರ ಬರುತ್ತದೆಂದು ಮೊದಲೇ ತಿಳಿದಿದ್ದರೆ ಏನಾಗುತ್ತದೆ? ಹೊಟ್ಟೆಯ ಸುತ್ತ ಒಳಗಿನಿಂದ ಸೊಂಟಪಟ್ಟಿಯಂತೆ ಸುತ್ತಿಕೊಂಡಿರುವ ಮಾಂಸದ ಪದರವೊಂದುಂಟು. ಅದೂ ಬೆನ್ನಿನ ಮಾಂಸಖಂಡಗಳೂ ಸೇರಿ ಮುಂಡವನ್ನು ಹದವಾಗಿ ಬಿಗಿದುಕೊಳ್ಳುತ್ತವೆ. ಭಾರ ಬಂದು ಬಿದ್ದಾಗ ಬೆನ್ನೆಲುಬು ಅಲುಗುವುದೇ ಕಡಿಮೆ.

ತಿಳಿಯದಿದ್ದರೆ? ಮೊದಲು ಕೈ ಕೆಳಗೆ ಹೋಗುತ್ತದೆ, ಅದರೊಡನೆ ಮುಂಡವೂ ಮುಂದಕ್ಕೆ ಬಾಗುತ್ತದೆ. ಬೆನ್ನಿನ ಮಾಂಸಖಂಡಗಳು ಜಗ್ಗಿದ ಮೇಲೆಯೇ “ಎಳೆದರು” ಎಂಬ ವರದಿ ನರಗಳ ಮೂಲಕ ಬೆನ್ನುಹುರಿಗೆ ಹೋಗಿ, “ಬಿಗಿ” ಎಂಬ ಆಜ್ಞೆ ಹಿಂದಿರುಗುತ್ತದೆ. ಇಷ್ಟಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗವೂ ಹಿಡಿಯದು. ಸರಕಾರಿ ಕಡತಗಳ ವೇಗವನ್ನು ಬಲ್ಲ ನನಗೆ ಇದು ಪವಾಡವೆಂದೇ ತೋರುತ್ತದೆ! ಆದರೂ ಅಷ್ಟರಲ್ಲಿ ಕೈಬಿಟ್ಟ ವಸ್ತು ಎರಡು ಮೂರು ಸೆಂಟಿಮೀಟರ್ ಬಿದ್ದಾಗಿರುತ್ತದೆ. ನಾವು ತಿಳಿದು, ಯೋಚಿಸಿ ಕೈ ಗಟ್ಟಿ ಮಾಡುವ ಹೊತ್ತಿಗೆ ಸೆಕೆಂಡಿನ ಐದನೆಯ ಒಂದು ಭಾಗ ಕಳೆದು, ಅದು ಸುಮಾರು ಒಂದು ಗೇಣು ಬಿದ್ದಿರುತ್ತದೆ. ಅಷ್ಟು ಹೊತ್ತು ಬೆನ್ನೆಲುಬಿಗೆ ಕಾವಲುಗಾರರು ಅರೆನಿದ್ದೆಯಲ್ಲಿದ್ದಂತೆಯೇ ಸರಿ.

ಎಚ್ಚೆತ್ತ ಮೇಲಾದರೂ ಹದ ಉಂಟೇ? ಇಲ್ಲ. ಭಾರ ಎಷ್ಟೆಂದು ತಿಳಿಯದೆ ಮಾಂಸಖಂಡಗಳು ಗಾಬರಿಗೊಂಡವರಂತೆ ಅಗತ್ಯಕ್ಕಿಂತ ಹೆಚ್ಚು ಬಿಗಿಯುತ್ತವೆ. ಅಮೆರಿಕದ ಒಹಾಯೋ ರಾಜ್ಯದಲ್ಲಿ ಮಾರಾಸ್ ಮತ್ತು ಸಂಗಡಿಗರು ೧೯೮೭ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಂಚಿತವಾಗಿ ತಿಳಿಸಿ ಕೈಗೆ ಬೀಳಿಸಿದ ಭಾರಕ್ಕಿಂತ, ತಿಳಿಸದೆ ಬೀಳಿಸಿದ ಅಷ್ಟೇ ಭಾರಕ್ಕೆ ಮುಂಡದ ಮಾಂಸಖಂಡಗಳು ಬಹಳ ಹೆಚ್ಚು ಬಲ ಹಾಕಿದುವು. ಆ ಬಲವೆಲ್ಲ ಬೆನ್ನೆಲುಬಿನ ಬಿಲ್ಲೆಗಳನ್ನೇ ಅದುಮುತ್ತದೆ. ಭಾರ ಒಂದೇ, ಬೆನ್ನಿಗೆ ಬಿದ್ದ ಪೆಟ್ಟು ಬೇರೆ. ವ್ಯತ್ಯಾಸ ಮಾಡಿದ್ದು ಒಂದು ಮಾತಿನ ಮುನ್ಸೂಚನೆ.

ಕಣ್ಣೂ ಮುನ್ಸೂಚನೆ ಕೊಡುತ್ತದೆ. ೨೦೧೦ರಲ್ಲಿ ಚಿಕಾಗೋದ ಅರುಯಿನ್ ಮತ್ತು ಸಂಗಡಿಗರು, ನಿಂತವರ ಮೇಲಣ ಮೈಗೆ ತೂಗುಭಾರವೊಂದು ಬಂದು ತಟ್ಟುವಂತೆ ಮಾಡಿ ನೋಡಿದರು. ಕಾಣುತ್ತಿದ್ದಾಗ ಕಾಲು, ಮುಂಡಗಳ ಮಾಂಸಖಂಡಗಳು ಪೆಟ್ಟಿಗೆ ಮೊದಲೇ ಸಿದ್ಧವಾಗುತ್ತಿದ್ದುವು. ಕಾಣದಂತೆ ಮಾಡಿದಾಗ ಆ ಸಿದ್ಧತೆ ಇಲ್ಲ. ಮೈ ಹೆಚ್ಚು ಓಲಾಡಿತು. ನಮ್ಮ ಮಾಜಿವಾಡಾದ ಬಸ್ಸುಗಳಲ್ಲಿ ಇದನ್ನು ನಿತ್ಯ ಕಾಣಬಹುದು. ಘೋಡಬಂದರ್ ರಸ್ತೆಯೂ ಎರಡು ಹೆದ್ದಾರಿಗಳೂ ಕೂಡುವ ಈ ನಾಕೆಯಲ್ಲಿ ಚಾಲಕನು ಬ್ರೇಕು ಒತ್ತದ ನಿಮಿಷವಿಲ್ಲ. ಮೇಲಿನ ಸರಳನ್ನು ಹಿಡಿದ ಕೈಗೆ ಪ್ರತಿಯೊಂದು ಬ್ರೇಕೂ ಒಂದು ಹಠಾತ್ ಭಾರ. ಮುಂದಿನ ಗಾಜಿನಲ್ಲಿ ರಸ್ತೆಯನ್ನು ನೋಡುತ್ತ ನಿಂತವನು ಸ್ವಲ್ಪ ಓಲಿ ಸುಧಾರಿಸಿಕೊಳ್ಳುತ್ತಾನೆ. ಮೊಬೈಲು ನೋಡುತ್ತ ನಿಂತವನು ಪಕ್ಕದವರ ಮೇಲೆ ಬೀಳುತ್ತಾನೆ. ಬೆನ್ನಿಗೆ ಸುದ್ದಿ ಮುಟ್ಟಿಸಬೇಕಾದ ಕಣ್ಣು ಬೇರೆ ಕಡೆ ಇದ್ದರೆ ಬೆನ್ನು ತಾನೇ ಏನು ಮಾಡೀತು?

ಒಮ್ಮೆ ನೊಂದ ಬೆನ್ನು

ಆಸ್ಟ್ರೇಲಿಯದ ಹಾಜಸ್ ಮತ್ತು ರಿಚರ್ಡ್‌ಸನ್ ಎಂಬವರು ೧೯೯೬ರಲ್ಲಿ ಇನ್ನೊಂದು ಸಂಗತಿಯನ್ನು ತಿಳಿಸಿದರು. ಆರೋಗ್ಯವಂತರಲ್ಲಿ ಕೈ ಅಲುಗುವ ಮೊದಲೇ ಬಿಗಿಯುವ ಹೊಟ್ಟೆಯ ಆ ಒಳಪದರ, ಬೆನ್ನುನೋವು ಇದ್ದವರಲ್ಲಿ ತಡವಾಗಿ ಬಿಗಿಯುತ್ತಿತ್ತು. ನೋವಿನಿಂದ ತಡವೋ, ತಡದಿಂದ ನೋವೋ? ಬೀಜ ವೃಕ್ಷ ನ್ಯಾಯದ ಪ್ರಶ್ನೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸುಮಾರು ಮುನ್ನೂರು ಮಂದಿ ಆಟಗಾರ ವಿದ್ಯಾರ್ಥಿಗಳ ಮುಂಡಕ್ಕೆ ಕಟ್ಟಿದ ಎಳೆತವನ್ನು ತಟ್ಟನೆ ಬಿಟ್ಟು ಪರೀಕ್ಷಿಸಿ, ಅವರನ್ನು ಮುಂದೆಯೂ ಗಮನಿಸಲಾಯಿತು. ೨೦೦೫ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಯಾರ ಮಾಂಸಖಂಡಗಳು ನಿಧಾನವಾಗಿ ಉತ್ತರ ಕೊಡುತ್ತಿದ್ದುವೋ ಅವರಿಗೆ ಮುಂದೆ ಬೆನ್ನಿನ ಪೆಟ್ಟಿನ ಸಂಭವ ಹೆಚ್ಚಾಗಿತ್ತು. ಎಂದರೆ ತಡವೂ ಒಂದು ಕಾರಣವಿರಬಹುದು.

ಇದನ್ನು ಓದಿ ಆ ಒಂದೇ ಪದರಕ್ಕೆ ವಿಶೇಷ ವ್ಯಾಯಾಮ ಹುಡುಕಿಕೊಂಡು ಹಣ ಕಳೆದುಕೊಳ್ಳಬೇಕಾಗಿಲ್ಲ. ಹಳೆಯ ಬೆನ್ನುನೋವಿಗೆ ಅಂಥ ವ್ಯಾಯಾಮವು ಬೇರೆ ವ್ಯಾಯಾಮಗಳಿಗಿಂತ ಹೆಚ್ಚು ಗುಣಕಾರಿಯಲ್ಲವೆಂದು ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ನಡಿಗೆ, ಈಜು, ಮನೆಗೆಲಸ, ಯಾವುದಾದರೂ ಆಗಲಿ, ನಿತ್ಯವೂ ನಡೆದರೆ ಸರಿ.

ರೈಲಿನ ಬಾಗಿಲಲ್ಲಿ

ಊರು ಬಿಟ್ಟು ಬಂದ ನಮಗೆ ಈ ವಿಷಯ ಇತರರಿಗಿಂತ ಹತ್ತಿರದ್ದು. ನಮ್ಮ ಬಾಳೆಲ್ಲ ಗಂಟುಮೂಟೆಗಳದ್ದೇ. ೧೯೯೮ರ ಜನವರಿ ೨೬ರಂದು ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಠಾಣೆಯಿಂದ ಕುಂದಾಪುರ, ಉಡುಪಿ, ಮಂಗಳೂರುಗಳು ಒಂದು ರಾತ್ರಿಯ ದೂರವಾದವು. ರಜೆ ಮುಗಿಸಿ ಬರುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳ, ಉಪ್ಪಿನಕಾಯಿಯ ಭರಣಿ ಎಲ್ಲವೂ ಜೊತೆಗೆ ಬರಬೇಕು. ರೈಲು ನಿಲ್ಲುವುದು ಎರಡು ನಿಮಿಷ. ಮೇಲೊಬ್ಬರು ಬಾಗಿಲಲ್ಲಿ, ಕೆಳಗೊಬ್ಬರು ಪ್ಲಾಟ್‌ಫಾರಮ್ಮಿನಲ್ಲಿ. ಮೇಲಿನವರು ಅವಸರದಲ್ಲಿ ಚೀಲ ಬಿಡುತ್ತಾರೆ. ಕೆಳಗಿನವರು ತೋಳು ಚಾಚಿ, ಮೈ ತಿರುಚಿ, ಇನ್ನೊಂದು ಕಡೆ ಮಗುವನ್ನು ನೋಡುತ್ತಿರುತ್ತಾರೆ. ಚಾಚಿದ ಕೈ, ಹಠಾತ್ ಭಾರ, ಬೇರೆ ಕಡೆಗಿರುವ ಕಣ್ಣು, ಮೂರೂ ಒಟ್ಟುಗೂಡುವ ಜಾಗ ಇದು.

ಮೊದಲಿನವರು ಇದಕ್ಕೊಂದು ಮದ್ದು ಇಟ್ಟುಕೊಂಡಿದ್ದರು. ಅಟ್ಟದಿಂದ ತೆಂಗಿನಕಾಯಿ ಬುಟ್ಟಿ ಇಳಿಸುವಾಗಲೂ, ಬಾವಿಕಟ್ಟೆಯಲ್ಲಿ ಕೊಡ ಎತ್ತಿಕೊಡುವಾಗಲೂ ಕೊಡುವವರು ಕೇಳುತ್ತಿದ್ದರು: “ಹಿಡಿದಿರಾ ಭಾವ? ಬಿಡಲೇ?” ಕೆಳಗಿನವರು “ಹೂಂ, ಬಿಡು” ಎಂದ ಮೇಲೆಯೇ ಕೈ ಸಡಿಲಿಸುತ್ತಿದ್ದರು. ಅದನ್ನು ನಾವು ಬರಿಯ ಮಾತೆಂದು ತಿಳಿದಿದ್ದೆವು. ಆ ಎರಡು ಮಾತು ನಡೆಯುವಷ್ಟರಲ್ಲಿ ಹೊಟ್ಟೆಯ ಪದರ ಬಿಗಿದಿರುತ್ತದೆ, ಬೆನ್ನು ಸಿದ್ಧವಾಗಿರುತ್ತದೆ. ಮುಂಬಯಿಯ ಹಮಾಲರು ಒಟ್ಟಾಗಿ ಎತ್ತುವಾಗ “ಜೋರ್ ಲಗಾಕೆ ಹೈಶಾ” ಎಂದು ಕೂಗುವುದೂ ಇದಕ್ಕೇ. ಆ ಕೂಗು ಕೈಗಳನ್ನು ಮಾತ್ರವಲ್ಲ, ಅಷ್ಟೂ ಬೆನ್ನುಗಳನ್ನು ಒಂದೇ ಕ್ಷಣಕ್ಕೆ ಎಚ್ಚರಿಸುತ್ತದೆ.

ಕಾನೂನುಗಳು ತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡಿವೆ. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದೆಂದು ೧೯೪೮ರ ಕಾರ್ಖಾನೆ ಕಾಯಿದೆ ವಿಧಿಸಿತು. ವಯಸ್ಕ ಪುರುಷನೊಬ್ಬ ಹೊರುವ ಭಾರ ೫೫ ಕಿಲೋ ಮೀರಬಾರದೆಂದು ೧೯೬೭ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಶಿಫಾರಸು ಮಾಡಿತು. ಮಾಥಾಡಿಗಳ ಹಿತಕ್ಕಾಗಿ ಮಹಾರಾಷ್ಟ್ರದಲ್ಲಿ ೧೯೬೯ರಲ್ಲಿ ಕಾಯಿದೆ ಬಂತು. ಇವೆಲ್ಲ ಒಳ್ಳೆಯವೇ. ಆದರೆ ಎಷ್ಟು ಕಿಲೋ ಎಂದು ಬರೆಯಬಹುದೇ ಹೊರತು, ಹೇಳದೆ ಕೈ ಬಿಡಬಾರದೆಂದು ಯಾವ ಕಾಯಿದೆ ತಾನೇ ಬರೆದೀತು? ಅದು ನಾವು ನಾವೇ ಪಾಲಿಸಬೇಕಾದ ನಡತೆ.

ಮನೆಮಂದಿಗೆ ಕೆಲವು ಮಾತು

ಮನೆಗೆ ಬರುವ ಅನಿಲದ ತುಂಬಿದ ಸಿಲಿಂಡರು ಸುಮಾರು ೩೦ ಕಿಲೋ. ಒಳಗಿನ ಅನಿಲವೇ ೧೪.೨ ಕಿಲೋ. ಇಪ್ಪತ್ತು ಲೀಟರಿನ ನೀರಿನ ಕ್ಯಾನು ೨೦ ಕಿಲೋಕ್ಕೂ ಮಿಗಿಲು. ತುಂಬಿದೆಯೆಂದು ತಿಳಿದು ಖಾಲಿ ಕ್ಯಾನನ್ನು ಎತ್ತಿದರೂ, ಖಾಲಿಯೆಂದು ತಿಳಿದು ತುಂಬಿದ್ದನ್ನು ಎತ್ತಿದರೂ ಬೆನ್ನಿಗೆ ಮೋಸವೇ. ಎತ್ತುವ ಮೊದಲು ಕಾಲಿನಿಂದಲೋ ಕೈಯಿಂದಲೋ ಒಮ್ಮೆ ಅಲುಗಿಸಿ ತೂಕ ತಿಳಿದುಕೊಳ್ಳಿ. ಹತ್ತಿರ ತೆಗೆದುಕೊಂಡು, ಮಂಡಿ ಬಾಗಿಸಿ, ಒಂದು ಕಾಲು ಸ್ವಲ್ಪ ಮುಂದಿಟ್ಟು ಎತ್ತಿರಿ. ತಿರುಗಬೇಕಾದರೆ ಪಾದಗಳಿಂದ ತಿರುಗಿರಿ, ಸೊಂಟದಿಂದಲ್ಲ.

ಬೆಳಗ್ಗೆ ಎದ್ದೊಡನೆ ಭಾರ ಎತ್ತಬೇಡಿ. ರಾತ್ರಿಯಲ್ಲಿ ಬೆನ್ನೆಲುಬಿನ ಬಿಲ್ಲೆಗಳು ನೀರು ಹೀರಿ ಉಬ್ಬಿರುತ್ತವೆ. ನಾವು ಒಂದೆರಡು ಸೆಂಟಿಮೀಟರ್ ಎತ್ತರವಾಗಿಯೇ ಏಳುತ್ತೇವೆ. ಆಗ ಬಾಗಿದರೆ ಅವುಗಳಿಗೆ ಹೆಚ್ಚು ಬಿಗಿತ. ಒಂದು ಗಂಟೆ ಕಳೆಯಲಿ.

ಕೈ ಜಾರಿ ಬೀಳುವುದನ್ನು ಬೀಳಲು ಬಿಡಿ. ಇದು ನಮ್ಮ ಗೃಹಿಣಿಯರಿಗೆ ಕಷ್ಟದ ಮಾತೆಂದು ಬಲ್ಲೆ. ಆದರೆ ಭರಣಿಯನ್ನು ಅಂಗಡಿಯಲ್ಲಿ ಕೊಳ್ಳಬಹುದು, ಬೆನ್ನನ್ನು ಕೊಳ್ಳಲಾಗದು. ಮಕ್ಕಳ ಮಾತು ಬೇರೆ. ಬೀಳುವ ಮಗುವನ್ನು ಹಿಡಿಯಬೇಡಿರೆಂದು ಯಾರೂ ಹೇಳಲಾರರು, ಹೇಳಿದರೂ ಯಾವ ತಾಯಿಯೂ ಕೇಳಲಾರಳು. ಆದರೆ “ಅಜ್ಜ, ಹಾರುತ್ತೇನೆ” ಎಂದು ಕೂಗಿ ಹಾರುವ ಅಭ್ಯಾಸವನ್ನು ಮಗುವಿಗೆ ಕಲಿಸಬಹುದು. ವಯಸ್ಸಾದಂತೆ ಮಾಂಸಖಂಡಗಳ ಉತ್ತರ ನಿಧಾನವಾಗುತ್ತದೆ. ಅಜ್ಜನಿಗೆ ಆ ಒಂದು ಕೂಗು ಊರುಗೋಲಿನಷ್ಟೇ ಉಪಕಾರಿ.

ಬೆನ್ನು ಹಿಡಿದುಕೊಂಡರೆ ದಿನಗಟ್ಟಲೆ ಮಲಗಿರುವುದು ಒಳಿತಲ್ಲ. ತಾಳಿಕೊಳ್ಳುವಷ್ಟು ಓಡಾಡುವುದೇ ಲೇಸೆಂದು ಈಗಿನ ವೈದ್ಯರ ಅಭಿಪ್ರಾಯ. ಆದರೆ ಕಾಲಿಗೆ ಬಲ ಕಡಿಮೆಯಾದರೆ, ತೊಡೆಗಳ ನಡುವೆ ಜೋಮು ಹಿಡಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ಕೊನೆಯದಾಗಿ ನಮ್ಮ ತರುಣರಲ್ಲಿ ಒಂದು ವಿನಂತಿ. ಸಂಘದ ಸಮಾರಂಭಗಳಲ್ಲಿ ಮೇಜು ಕುರ್ಚಿ ಹೊರುವವರು, ಊಟದ ಹೊತ್ತಿಗೆ ಕುದಿಯುವ ಸಾರಿನ ಪಾತ್ರೆಯನ್ನು ಇಬ್ಬಿಬ್ಬರಾಗಿ ಹಿಡಿದು ತರುವವರು ನೀವೇ. ಬಿಸಿ ಪಾತ್ರೆಯ ಒಂದು ಹಿಡಿಯನ್ನು ಒಬ್ಬರು ಮೊದಲು ಬಿಟ್ಟರೆ ಇನ್ನೊಬ್ಬರ ಕೈ, ಬೆನ್ನು, ಪಾದ ಮೂರಕ್ಕೂ ಅಪಾಯ. ಎತ್ತುವಾಗ ಎಣಿಸಿ ಎತ್ತಿರಿ. ಇಳಿಸುವಾಗ ಕೇಳಿ ಇಳಿಸಿರಿ. “ಬಿಡಲೇ?” ಎಂದು ಕೇಳುವುದಕ್ಕೆ ಒಂದು ಉಸಿರು ಸಾಕು. ಆ ಒಂದು ಉಸಿರಿನಲ್ಲಿ ಎದುರಿಗಿದ್ದವರ ಬೆನ್ನು ಸಿದ್ಧವಾಗುತ್ತದೆ.